ಸಂಪಾದಕರ ಉತ್ತರ: ರೆಕಾರ್ಡಿನ ಹಿಂಬದಿ

ಅಮೆರಿಕದ ಕಪ್ಪು ಜನರು ಕಟ್ಟಿದ, ತಾಳವೇ ಮುಖ್ಯವಾದ ಫಂಕ್ ಸಂಗೀತದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ, ದಾವಣಗೆರೆಯ ನಿವೃತ್ತ ಅಧ್ಯಾಪಕರೊಬ್ಬರು ಎರಡು ಪುಟಗಳ ಪತ್ರ ಬರೆದಿದ್ದಾರೆ. ಫಂಕ್‌ನ ಹೆಸರಾಂತ ಗಾಯಕ ಜೇಮ್ಸ್ ಬ್ರೌನ್ ಬಗ್ಗೆ ಬರೆದದ್ದು ಸರಿ, ಆದರೆ ಒಂದೆರಡು ರೆಕಾರ್ಡು ಮಾಡಿ ಮರೆಯಾದ ತಂಡಗಳಿಗೆ ಮೂರು ಪುಟ ಏಕೆ ಎಂಬುದು ಅವರ ಆಕ್ಷೇಪ. ಕಾಲವೆಂಬ ಜರಡಿ ಉಳಿಸಬೇಕಾದದ್ದನ್ನು ಉಳಿಸಿಯೇ ಉಳಿಸುತ್ತದೆ ಎಂಬುದು ಅವರ ನಂಬಿಕೆ. ತಮ್ಮ ಶಾಲೆಯ ಬ್ಯಾಂಡ್‌ಸೆಟ್ಟಿನ ಹುಡುಗರು ಒಂದು ಕಾಲಕ್ಕೆ ಊರೇ ನಿಂತು ಕೇಳುವಂತೆ ನುಡಿಸುತ್ತಿದ್ದರು, ಇಂದು ಯಾರಿಗೂ ಅದರ ನೆನಪಿಲ್ಲ, ಅದರಿಂದ ಜಗತ್ತಿಗೇನೂ ನಷ್ಟವಾಗಿಲ್ಲ ಎಂದು ಪತ್ರ ಮುಗಿಸಿದ್ದಾರೆ.

ಮಾನ್ಯರೆ, ನಿಮ್ಮ ಮಾತಿನಲ್ಲಿ ನಿಜವಿಲ್ಲವೆಂದು ನಾನು ಹೇಳಲಾರೆ. ಅಪರೂಪದ್ದೆಲ್ಲ ಶ್ರೇಷ್ಠವಲ್ಲ, ಇನ್ನೂರು ಪ್ರತಿ ಮಾತ್ರ ಅಚ್ಚಾಯಿತು ಎಂಬ ಕಾರಣಕ್ಕೆ ಸಂಗ್ರಾಹಕರು ದುಬಾರಿ ಬೆಲೆ ತೆರುವ ಎಷ್ಟೋ ರೆಕಾರ್ಡುಗಳು ಕೇಳಲು ಸಾಧಾರಣವಾಗಿಯೇ ಇವೆ. ಆದರೆ ಜರಡಿ ಹಿಡಿದ ಕೈ ಕಾಲದ್ದು ಎಂದಿರಲ್ಲ, ಅದನ್ನು ಮಾತ್ರ ಒಪ್ಪಲಾರೆ. ಆ ಕೈ ವಿತರಕನದು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಸಣ್ಣ ಊರಿನ ತಂಡವೊಂದು ಕೈಯಿಂದ ಹಣ ಹಾಕಿ ಏಳಿಂಚಿನ ರೆಕಾರ್ಡು ಮಾಡಿಸಿದರೆ, ಅದರ ಕೆಲವು ನೂರು ಪ್ರತಿಗಳು ಊರಿನ ರೇಡಿಯೊ ನಿಲಯಕ್ಕೆ, ನಾಣ್ಯ ಹಾಕಿದರೆ ಹಾಡುವ ಹೋಟೆಲಿನ ಜೂಕ್‌ಬಾಕ್ಸಿಗೆ, ಸಂಗೀತ ಕಚೇರಿ ನಡೆಯುವ ಸಭಾಂಗಣದ ಬಾಗಿಲಿಗೆ ತಲುಪಿ ಅಲ್ಲಿಗೇ ನಿಲ್ಲುತ್ತಿದ್ದವು. ಪಕ್ಕದ ರಾಜ್ಯದವರು ಅದನ್ನು ಕೇಳಿ ಬೇಡವೆಂದದ್ದಲ್ಲ, ಅದು ಅವರ ಕಿವಿಗೆ ಬೀಳಲೇ ಇಲ್ಲ.

ದೊಡ್ಡ ಗೆಲುವು ಕಂಡ ರೆಕಾರ್ಡಿಗೂ ಹಿಂಬದಿಯೊಂದಿರುತ್ತದೆ. ವಾಷಿಂಗ್ಟನ್ ನಗರದ ದಿ ವಿನ್‌ಸ್ಟನ್ಸ್ ತಂಡ 1969ರಲ್ಲಿ ‘ಕಲರ್ ಹಿಮ್ ಫಾದರ್’ ಎಂಬ ಹಾಡನ್ನು ಹೊರತಂದಿತು. ಹಾಡು ಜನಪ್ರಿಯವಾಗಿ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು. ಅದರ ಹಿಂಬದಿ ತುಂಬಿಸಲು ಏನಾದರೊಂದು ಬೇಕಾಗಿತ್ತು, ಹಾಗಾಗಿ ‘ಅಮೆನ್, ಬ್ರದರ್’ ಎಂಬ ವಾದ್ಯಕೃತಿಯನ್ನು ಅವಸರದಲ್ಲಿ ನುಡಿಸಿ ಸೇರಿಸಿದರು. ಅದರ ನಡುವೆ ಒಂದು ಕಡೆ ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ, ಡ್ರಮ್ ವಾದಕ ಗ್ರೆಗರಿ ಕೋಲ್ಮನ್ ಒಬ್ಬರೇ ಏಳು ಸೆಕೆಂಡುಗಳ ಕಾಲ ನುಡಿಸುತ್ತಾರೆ. ನಾಲ್ಕೇ ಆವರ್ತ. ಮೊದಲೆರಡು ಒಂದೇ ನಡೆ. ಮೂರನೆಯದರಲ್ಲಿ ಸ್ನೇರ್ ಡ್ರಮ್ಮಿನ ಪೆಟ್ಟು ಬೀಳಬೇಕಾದಲ್ಲಿ ಬೀಳದೆ ಅರೆಗಳಿಗೆ ತಡೆದು ಬೀಳುತ್ತದೆ. ನಾಲ್ಕನೆಯದರಲ್ಲಿ ಮೊದಲ ಪೆಟ್ಟಿನ ಜಾಗವನ್ನು ಅವರು ಖಾಲಿ ಬಿಟ್ಟು, ಆಮೇಲೆ ನಿರೀಕ್ಷೆಗಿಂತ ಮುಂಚೆಯೇ ತಾಳದ ತಟ್ಟೆಯನ್ನು ಝಲ್ಲೆನ್ನಿಸುತ್ತಾರೆ. ಸಮವನ್ನು ಖಾಲಿ ಬಿಟ್ಟು ಕೇಳುಗನ ತಲೆಯೊಳಗೇ ಅದನ್ನು ನುಡಿಸುವುದು ಎಂಥ ವಿದ್ಯೆಯೆಂದು ಮೃದಂಗ ಕೇಳಿ ಬಲ್ಲ ನಿಮಗೆ ನಾನು ವಿವರಿಸಬೇಕಾಗಿಲ್ಲ.

ಈ ಏಳು ಸೆಕೆಂಡುಗಳನ್ನು 1980ರ ದಶಕದ ಹಿಪ್‌ಹಾಪ್ ಕಲಾವಿದರು ಕತ್ತರಿಸಿ ತಮ್ಮ ಹಾಡುಗಳಿಗೆ ಜೋಡಿಸಿದರು. 1990ರ ದಶಕದ ಬ್ರಿಟನ್ನಿನಲ್ಲಿ ಜಂಗಲ್ ಮತ್ತು ಡ್ರಮ್ ಆ್ಯಂಡ್ ಬೇಸ್ ಎಂಬ ವೇಗದ ಕುಣಿತದ ಸಂಗೀತ ಪ್ರಕಾರಗಳು ಬಹುಮಟ್ಟಿಗೆ ಇದರ ಮೇಲೆಯೇ ನಿಂತವು. ಇದನ್ನು ಬಳಸಿದ ಹಾಡುಗಳ ಲೆಕ್ಕ ಸಾವಿರಗಳಲ್ಲಿದೆ. ಕೋಲ್ಮನ್‌ಗೆ ಅದರಿಂದ ಒಂದು ಕಾಸೂ ಬರಲಿಲ್ಲ. 2006ರಲ್ಲಿ ಅಟ್ಲಾಂಟಾದಲ್ಲಿ, ಮನೆಯೂ ಇಲ್ಲದ ಸ್ಥಿತಿಯಲ್ಲಿ ಅವರು ತೀರಿಕೊಂಡರು. ತಂಡದ ನಾಯಕ ರಿಚರ್ಡ್ ಸ್ಪೆನ್ಸರ್‌ಗೆ ವಿಷಯ ತಿಳಿಯುವ ಹೊತ್ತಿಗೆ ದಾವೆ ಹೂಡುವ ಅವಧಿ ಮೀರಿತ್ತು. 2015ರಲ್ಲಿ ಬ್ರಿಟನ್ನಿನ ಇಬ್ಬರು ಡಿಜೆಗಳು, ಅಂದರೆ ಕೂಟಗಳಲ್ಲಿ ರೆಕಾರ್ಡು ಹಾಕಿ ಕುಣಿಸುವವರು, ಕೇಳುಗರಿಂದ 24,000 ಪೌಂಡ್ ಕೂಡಿಸಿ ಸ್ಪೆನ್ಸರ್‌ಗೆ ಒಪ್ಪಿಸಿದರು. ನಿಮ್ಮ ಜರಡಿ ಇಲ್ಲಿ ಮಾಡಿದ್ದೇನು, ಯೋಚಿಸಿ ನೋಡಿ. ನಾದವನ್ನು ಉಳಿಸಿಕೊಂಡು ನುಡಿಸಿದವನನ್ನು ಕೆಳಗೆ ಬೀಳಿಸಿತು.

ಹೆಸರು ಅಳಿಯುವುದು ಎಷ್ಟೋ ವೇಳೆ ಅಕ್ಷರಶಃ ನಡೆದಿದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹಿಪ್‌ಹಾಪ್‌ಗೆ ತಳಪಾಯ ಹಾಕಿದ ಡಿಜೆ ಕೂಲ್ ಹರ್ಕ್, ಕುಣಿತದ ಕೂಟಗಳಲ್ಲಿ ತಾವು ಬಳಸುವ ರೆಕಾರ್ಡು ಯಾವುದೆಂದು ಬೇರೆಯವರಿಗೆ ಗೊತ್ತಾಗಬಾರದೆಂದು ಅದರ ನಡುವಿನ ಚೀಟಿಯನ್ನು ನೀರಿನಲ್ಲಿ ನೆನೆಸಿ ಕಿತ್ತುಬಿಡುತ್ತಿದ್ದರು. ಕುಣಿಯುವವರಿಗೆ ತಾಳ ಸಿಗುತ್ತಿತ್ತು, ತಂಡದ ಹೆಸರು ಸಿಗುತ್ತಿರಲಿಲ್ಲ. ಕೆರಿಬಿಯನ್ ಮೂಲದವರು ಲಂಡನ್ನಿನಲ್ಲಿ ಕಟ್ಟಿದ ಸಿಮಾಂಡೆ ತಂಡ 1972ರಿಂದ 1974ರೊಳಗೆ ಮೂರು ಒಳ್ಳೆಯ ಆಲ್ಬಮ್‌ಗಳನ್ನು ಮಾಡಿಯೂ ಬ್ರಿಟನ್ನಿನಲ್ಲಿ ಕೇಳುವವರಿಲ್ಲದೆ ಚದುರಿಹೋಯಿತು. ಅವರ ‘ಬ್ರಾ’ ಎಂಬ ಹಾಡು ನ್ಯೂಯಾರ್ಕಿನ ಕುಣಿತದ ಕೂಟಗಳಲ್ಲಿ ಆಮೇಲೆಯೂ ಮೊಳಗುತ್ತಲೇ ಇತ್ತು.

ನೀವು ಅಧ್ಯಾಪಕರಾಗಿದ್ದವರು, ಆದ್ದರಿಂದ ಇನ್ನೊಬ್ಬ ಮೇಷ್ಟ್ರ ವಿಷಯವನ್ನು ನಿಮ್ಮೆದುರು ಇಡುತ್ತೇನೆ. ಟೆಕ್ಸಾಸಿನ ಹೂಸ್ಟನ್‌ನಲ್ಲಿ, ಕಪ್ಪು ಜನರು ಹೆಚ್ಚಾಗಿರುವ ಬಡಾವಣೆಯ ಕ್ಯಾಶ್‌ಮಿಯರ್ ಹೈಸ್ಕೂಲಿನಲ್ಲಿ ಕಾನ್ರಾಡ್ ಜಾನ್ಸನ್ ಎಂಬ ಸಂಗೀತದ ಮೇಷ್ಟ್ರಿದ್ದರು. 1967ರಲ್ಲಿ ಗಾಯಕ ಓಟಿಸ್ ರೆಡ್ಡಿಂಗ್ ಅವರ ಸಂಗೀತ ಕಚೇರಿಯನ್ನು ಕಂಡು ಬಂದವರು, ಹಳೆಯ ಜಾಝ್ ಪಾಠಗಳನ್ನೇ ನುಡಿಸುತ್ತಿದ್ದ ಶಾಲಾ ಬ್ಯಾಂಡಿಗೆ ಫಂಕ್ ಕಲಿಸಿದರು, ನುಡಿಸುತ್ತಲೇ ಹೆಜ್ಜೆ ಹಾಕುವುದನ್ನು ಕಲಿಸಿದರು, ಮಕ್ಕಳನ್ನು ಸ್ಟುಡಿಯೊಗೆ ಕರೆದೊಯ್ದು ಎಂಟು ಆಲ್ಬಮ್ ಮಾಡಿಸಿದರು. ಹದಿನಾರು ಹದಿನೇಳರ ಮಕ್ಕಳು ನುಡಿಸಿದ್ದು ಎಂದು ಹೇಳದಿದ್ದರೆ, ಆ ತುತ್ತೂರಿಗಳ ಒಗ್ಗಟ್ಟನ್ನು ಕೇಳಿ ನೀವು ಅವರನ್ನು ವೃತ್ತಿಪರರೆಂದೇ ತಿಳಿಯುವಿರಿ. ದಶಕಗಳ ನಂತರ ನೌ-ಅಗೇನ್ ಎಂಬ ಸಣ್ಣ ಸಂಸ್ಥೆ ಆ ಮುದ್ರಣಗಳನ್ನು 2006ರಲ್ಲಿ ಮತ್ತೆ ಹೊರತಂದಿತು. 2008ರ ಆರಂಭದಲ್ಲಿ, ನಡುವಯಸ್ಸು ದಾಟಿದ ಹಳೆಯ ವಿದ್ಯಾರ್ಥಿಗಳು ಒಟ್ಟುಗೂಡಿ, 92 ವರ್ಷದ ಮೇಷ್ಟ್ರ ಮುಂದೆ ಮತ್ತೊಮ್ಮೆ ನುಡಿಸಿದರು. ಅದಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಮೇಷ್ಟ್ರು ರೆಕಾರ್ಡು ಮಾಡಿಸದೆ ಇದ್ದಿದ್ದರೆ ಹುಡುಕುವವರಿಗೆ ಸಿಗಲು ಏನೂ ಇರುತ್ತಿರಲಿಲ್ಲ.

ನನ್ನ ಅಸಮಾಧಾನ ಅಮೆರಿಕಕ್ಕೆ ಮುಗಿಯುವುದಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಆಸುಪಾಸಿನಲ್ಲಿ ಕೊಂಡ ಹಳೆಯ ಕನ್ನಡ ಚಿತ್ರಗೀತೆಗಳ ರೆಕಾರ್ಡುಗಳು ನನ್ನಲ್ಲಿ ಒಂದಷ್ಟಿವೆ. ಚೀಟಿಯ ಮೇಲೆ ಗಾಯಕರಿದ್ದಾರೆ, ಗೀತರಚನಕಾರರಿದ್ದಾರೆ, ಸಂಗೀತ ನಿರ್ದೇಶಕರಿದ್ದಾರೆ. ಪಲ್ಲವಿ ಮುಗಿದು ಚರಣಕ್ಕೆ ಹೋಗುವ ಮುನ್ನ ಎದೆ ನಡುಗಿಸುವಂತೆ ಬರುವ ಡೋಲಕ್ಕಿನವರು ಯಾರು, ಕೊಳಲಿನವರು ಯಾರು ಎಂದು ಹುಡುಕಿದರೆ ಒಂದಕ್ಷರವೂ ಇಲ್ಲ. ಹಾಡಿನ ಶ್ರೇಯ ಬರೆದವರಿಗೆ ಮತ್ತು ರಾಗ ಹಾಕಿದವರಿಗೆ ಸಲ್ಲುತ್ತಿತ್ತು. ತಾಳ ಕಟ್ಟಿದವರಿಗೆ ಆ ದಿನದ ಕೂಲಿ ಕೊಟ್ಟರೆ ಲೆಕ್ಕ ಚುಕ್ತಾ ಎಂಬ ಆ ಕಾಲದ ಪದ್ಧತಿ ಇಲ್ಲಿಯೂ ಅಲ್ಲಿಯೂ ಒಂದೇ ಆಗಿತ್ತು. ನಾವು ಪತ್ರಿಕೆಯವರೂ ಹಾಡಿನ ವಿಮರ್ಶೆ ಬರೆಯುವಾಗ ಅವರ ಹೆಸರು ಕೇಳುವ ಕಷ್ಟ ತೆಗೆದುಕೊಂಡಿಲ್ಲ. ಮುಂದಿನ ಸಂಚಿಕೆಯಿಂದ, ಗೊತ್ತಾಗುವಷ್ಟು ಮಟ್ಟಿಗೆ, ವಾದ್ಯಗಾರರ ಹೆಸರುಗಳನ್ನೂ ಅಚ್ಚು ಹಾಕುತ್ತೇವೆ.

ಊರು ನಿಂತು ಕೇಳಿದ ಬ್ಯಾಂಡ್‌ಸೆಟ್ಟನ್ನು ನೀವು ಇಷ್ಟು ವರ್ಷಗಳ ಮೇಲೆ, ಕೇಳದೆಯೇ, ನನಗೆ ಬರೆದು ತಿಳಿಸಿದ್ದೀರಿ. ನಷ್ಟವಿಲ್ಲವೆಂಬ ನಿಮ್ಮ ಮಾತನ್ನು ನಾನು ನಂಬಲಾರೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಯಾರಾದರೂ ಟೇಪ್ ರೆಕಾರ್ಡರ್ ಇಟ್ಟಿದ್ದರೇ? ಕ್ಯಾಸೆಟ್ಟು ಯಾರ ಮನೆಯ ಅಟ್ಟದಲ್ಲಾದರೂ ಉಳಿದಿದ್ದರೆ ದಯವಿಟ್ಟು ಅದನ್ನು ಯಂತ್ರಕ್ಕೆ ಹಾಕುವ ಮುನ್ನ ನಮಗೆ ತಿಳಿಸಿ, ಹಳೆಯ ಟೇಪು ತುಂಡಾಗುವ ಅಪಾಯವಿರುತ್ತದೆ. ಸೈಡ್ ಡ್ರಮ್ ಬಾರಿಸುತ್ತಿದ್ದ ಹುಡುಗನ ಹೆಸರು ನೆನಪಿದ್ದರೆ ಅದನ್ನೂ ಬರೆದು ಕಳುಹಿಸಿ.