ಯಾವ ಮೆಥಡ್‌ನಿಂದ ಶುರು ಮಾಡಲಿ ಅಂತ ಕೇಳಿದ್ದೀರಿ, ಮೆಥಡ್‌ನಿಂದ ಶುರುವೇ ಮಾಡಬೇಡಿ

ಸೈನ್ಸ್ ಡಿಗ್ರಿ ಮೊದಲ ವರ್ಷದವರಿಗೆ ಇಂಟಿಗ್ರೇಷನ್ ಪಾಠ ಮಾಡಬೇಕು, ಸಬ್‌ಸ್ಟಿಟ್ಯೂಷನ್ ಮೊದಲಾ ಬೈ ಪಾರ್ಟ್ಸ್ ಮೊದಲಾ, ಹುಡುಗರ ಬೇಸಿಕ್ಸ್ ವೀಕು, ಒಂದು ಸೆಮಿಸ್ಟರಿನಲ್ಲಿ ಹೇಗೆ ಮುಗಿಸಲಿ ಅಂತ ಕೇಳಿದ್ದೀರಿ. ನನ್ನ ಹಳೇ ನೋಟ್ಸಿನ ಮೊದಲ ಪುಟವನ್ನೇ ಯಾರೋ ಓದಿ ಹೇಳಿದ ಹಾಗಾಯಿತು. ವಾರಕ್ಕೊಂದು ಮೆಥಡ್, ಮೆಥಡ್ಡಿಗೆ ಇಪ್ಪತ್ತು ಲೆಕ್ಕ, ಕೊನೆಗೆ ಎರಡು ವಾರ ರಿವಿಷನ್. ನಾನೂ ಹೀಗೇ ಪ್ಲ್ಯಾನ್ ಹಾಕಿದ್ದೆ. ಬಣ್ಣದ ಪೆನ್ನಿನಲ್ಲಿ ಗೆರೆ ಬೇರೆ ಎಳೆದಿದ್ದೆ.

ಮೊದಲ ಕ್ಲಾಸ್ ಇವತ್ತಿಗೂ ನೆನಪಿದೆ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಎಲ್ಲರೂ ಒಂದೇ ಹಾಲಿನಲ್ಲಿ. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ಇಂಟಿಗ್ರೇಷನ್ ಅಂದರೆ ಡಿಫರೆನ್ಸಿಯೇಷನ್‌ನ ಉಲ್ಟಾ. ಡಿಫರೆನ್ಸಿಯೇಷನ್ ಅಂದರೆ ಬದಲಾವಣೆಯ ದರ ಹುಡುಕುವುದು, ಅದರ ಉಲ್ಟಾ ಅಂತ. ಕೆಳಗೆ ಎರಡು ಗೆರೆ ಎಳೆದೆ. ಎಲ್ಲರೂ ಬರೆದುಕೊಂಡರು. ಪಾಠ ಸಲೀಸಾಗಿ ಓಡಿತು. ಫಾರ್ಮುಲಾ ಪಟ್ಟಿ ಕೊಟ್ಟೆ, ಲೆಕ್ಕ ಮಾಡಿಸಿದೆ. ಮೊದಲ ಎರಡು ಟೆಸ್ಟಿನಲ್ಲಿ ಮಾರ್ಕ್ಸೂ ಚೆನ್ನಾಗಿ ಬಂತು. ನಾನು ಒಳ್ಳೇ ಟೀಚರ್ ಅಂತ ನನಗೇ ಅನಿಸಿಬಿಟ್ಟಿತ್ತು.

ಮೂರನೇ ಟೆಸ್ಟಿಗೆ, ಸ್ವಲ್ಪ ಬದಲಾವಣೆ ಇರಲಿ ಅಂತ, ಒಂದು ಟೇಬಲ್ ಕೊಟ್ಟೆ. ಒಂದು ಗಾಡಿ ಹೊರಡುತ್ತದೆ, ವೇಗ ಏರುತ್ತಲೇ ಹೋಗುತ್ತದೆ. 0, 2, 4, 6, 8, 10ನೇ ಸೆಕೆಂಡಿನಲ್ಲಿ ಅದರ ವೇಗ ಸೆಕೆಂಡಿಗೆ 0, 3, 5, 8, 9, 10 ಮೀಟರ್. ಹತ್ತು ಸೆಕೆಂಡಿನಲ್ಲಿ ಸುಮಾರು ಎಷ್ಟು ದೂರ ಹೋಯಿತು? ಅಷ್ಟೇ ಪ್ರಶ್ನೆ. ಶಾಲೆಯ ಮಕ್ಕಳೂ ಯೋಚಿಸಿ ಹೇಳಬಹುದಾದದ್ದು.

ಹತ್ತು ನಿಮಿಷದಲ್ಲಿ ಒಬ್ಬಳು ಕೈ ಎತ್ತಿದಳು. ‘ಮೇಡಂ, ಇದರಲ್ಲಿ ಫಂಕ್ಷನ್ ಕೊಡೋದು ಮರೆತಿದ್ದೀರಿ.’ ಹಿಂದಿನ ಬೆಂಚಿನವರೆಲ್ಲ ಹೌದೌದು ಅಂದರು. ಉತ್ತರ ಪತ್ರಿಕೆಗಳಲ್ಲಿ ಬಹುಪಾಲು ಆ ಜಾಗ ಖಾಲಿ. ಒಬ್ಬ ಹುಡುಗ ಮಾತ್ರ, ಹತ್ತನೇ ಸೆಕೆಂಡಿನಲ್ಲಿ ವೇಗ ಹತ್ತು ಇದೆ, ಹಾಗಾದರೆ ವೇಗ ಅಂದರೆ ಸಮಯವೇ ಅಂತ ತೀರ್ಮಾನ ಮಾಡಿ, ಅದನ್ನು ಇಂಟಿಗ್ರೇಟ್ ಮಾಡಿ, 50 ಮೀಟರ್ ಅಂತ ಬರೆದಿದ್ದ. ನಾನು ಸೊನ್ನೆ ಹಾಕಿದೆ. ಆ ಸೊನ್ನೆ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಏನೋ ಒಂದು ಅಂದಾಜು ಮಾಡುವ ಧೈರ್ಯ ತೋರಿಸಿದವನು ಅವನೊಬ್ಬನೇ.

ಲೆಕ್ಕ ಎಷ್ಟು ಸುಲಭ ನೋಡಿ. ಪ್ರತಿ ಎರಡು ಸೆಕೆಂಡಿನ ತುಂಡಿಗೂ ಶುರುವಿನ ವೇಗವನ್ನೇ ಹಿಡಿದರೆ 50 ಮೀಟರ್. ಕೊನೆಯ ವೇಗ ಹಿಡಿದರೆ 70. ವೇಗ ಏರುತ್ತಲೇ ಇರುವುದರಿಂದ ನಿಜವಾದ ದೂರ ಇವೆರಡರ ಮಧ್ಯೆ ಎಲ್ಲೋ ಇರಲೇಬೇಕು. ಸರಾಸರಿ ಹಿಡಿದರೆ 60. ಇದೇ ಇಂಟಿಗ್ರೇಷನ್. ಇದರಾಚೆಗೆ ಇರುವುದೆಲ್ಲ ತುಂಡನ್ನು ಸಣ್ಣದು ಮಾಡುವ ಕಥೆ. ಮೂರು ತಿಂಗಳು ಇಂಟಿಗ್ರೇಷನ್ ಕಲಿತವರು ಇಂಟಿಗ್ರೇಷನ್ ಎದುರಿಗೆ ಬಂದಾಗ ಗುರುತು ಹಿಡಿಯಲಿಲ್ಲ.

ಅದಾದ ಮೇಲೆ ಕೆಮಿಸ್ಟ್ರಿ ಕಲಿಸುವ ಸಹೋದ್ಯೋಗಿ ಒಬ್ಬರು ಬಂದು ಮೆತ್ತಗೆ ಹೇಳಿದರು, ‘ನಿಮ್ಮ ಹುಡುಗರಿಗೆ ಗ್ಯಾಸ್ ಹಿಗ್ಗುವಾಗ ಆಗುವ ಕೆಲಸ ಲೆಕ್ಕ ಹಾಕಲು ಬರ್ತಿಲ್ಲ, ನಾನೇ ಎರಡು ವಾರ ಇಂಟಿಗ್ರೇಷನ್ ಪಾಠ ಮಾಡಬೇಕಾಯ್ತು.’ ಮುಂದಿನ ವರ್ಷ ಆ ಪೇಪರ್ ಪಾಠ ಮಾಡುವ ಕೆಲಸ ನನ್ನ ಕೈ ತಪ್ಪಿತು. ವಾಪಸ್ ಬರಲು ಎರಡು ವರ್ಷ ಹಿಡಿಯಿತು.

ತಪ್ಪು ಆಗಿದ್ದು ಎಲ್ಲಿ? ಮೊದಲ ದಿನದ ಆ ಒಂದು ವಾಕ್ಯದಲ್ಲಿ. ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ವಾಕ್ಯ ಪೂರ್ತಿ ಸುಳ್ಳಾಗಿದ್ದಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಅದು ಮುಕ್ಕಾಲು ನಿಜ. ಅದಕ್ಕೇ ಇಷ್ಟು ಅಪಾಯ.

ಆರ್ಕಿಮಿಡೀಸ್ ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ ಪ್ಯಾರಾಬೋಲದ ತುಂಡಿನ ವಿಸ್ತೀರ್ಣ ಕಂಡುಹಿಡಿದಿದ್ದ. ಅದರೊಳಗೆ ಕೂರುವ ತ್ರಿಕೋನದ ಮೂರನೇ ನಾಲ್ಕರಷ್ಟು, ಅಂದರೆ 4/3 ಪಟ್ಟು. ಆಗ ಡಿಫರೆನ್ಸಿಯೇಷನ್ ಹುಟ್ಟಿಯೇ ಇರಲಿಲ್ಲ. ಹುಟ್ಟದೇ ಇರುವುದಕ್ಕೆ ಉಲ್ಟಾ ಎಲ್ಲಿಂದ ಬಂತು? ಕೂಡಿಸುವುದು ಒಂದು ಕಥೆ, ಬದಲಾವಣೆಯ ದರ ಹುಡುಕುವುದು ಇನ್ನೊಂದು ಕಥೆ. ಎರಡೂ ಒಂದಕ್ಕೊಂದು ಉಲ್ಟಾ ಅಂತ ಗೊತ್ತಾಗಿದ್ದು 17ನೇ ಶತಮಾನದಲ್ಲಿ. ಅದಕ್ಕೇ ಅದನ್ನು ಕಲನದ ಮೂಲ ಪ್ರಮೇಯ ಅನ್ನುತ್ತೇವೆ. ನಾನು ಏನು ಮಾಡಿದೆ? ಆ ಪ್ರಮೇಯವನ್ನೇ ವ್ಯಾಖ್ಯೆ ಮಾಡಿಬಿಟ್ಟೆ. ಐದನೇ ವಾರ ಬೋರ್ಡಿನಲ್ಲಿ ಪ್ರಮೇಯ ಬರೆದು ಸಾಧನೆ ಶುರು ಮಾಡಿದರೆ ಹುಡುಗರು ಮುಖ ಮುಖ ನೋಡಿಕೊಂಡರು. ಮೊದಲ ದಿನವೇ ಹೇಳಿದ್ದನ್ನು ಈ ಮೇಡಂ ಈಗ ಯಾಕೆ ಸಾಧಿಸುತ್ತಿದ್ದಾರೆ? ಅವರ ಅನುಮಾನ ಸರಿಯಾಗಿಯೇ ಇತ್ತು. ಸಿನಿಮಾದ ಕ್ಲೈಮ್ಯಾಕ್ಸ್ ಟಿಕೆಟ್ ಕೌಂಟರಿನಲ್ಲೇ ಹೇಳಿ ಕಳಿಸಿದ್ದೆ.

ಇನ್ನೊಂದು ನಷ್ಟ, ಡಿಎಕ್ಸ್. ಇಂಟಿಗ್ರೇಷನ್ ಬರೀ ಉಲ್ಟಾ ಆದರೆ ಕೊನೆಯಲ್ಲಿ ಡಿಎಕ್ಸ್ ಯಾಕೆ ಬೇಕು? ನನ್ನ ಹುಡುಗರಿಗೆ ಅದು ಪೂರ್ಣವಿರಾಮ. ವಾಕ್ಯ ಮುಗಿಯಿತು ಅಂತ ಹಾಕುವ ಚುಕ್ಕೆ. ಮರೆತರೂ ನಡೆಯುತ್ತದೆ. ಆದರೆ ಅದು ತುಂಡಿನ ಅಗಲ ಅಲ್ವಾ! ಗಣಿತಜ್ಞ ಲೈಬ್ನಿಟ್ಸ್ 1675ರ ಅಕ್ಟೋಬರ್ 29ರಂದು ತನ್ನ ಟಿಪ್ಪಣಿಯಲ್ಲಿ ಮೊದಲು ಗೀಚಿದ ಆ ಚಿಹ್ನೆ, ಎಳೆದು ಉದ್ದ ಮಾಡಿದ ‘ಎಸ್’ ಅಕ್ಷರ. ಲ್ಯಾಟಿನ್ನಿನ ಸುಮ್ಮಾ, ಅಂದರೆ ಮೊತ್ತ. ಚಿಹ್ನೆಯೇ ‘ಕೂಡಿಸು’ ಅಂತ ಕೂಗುತ್ತಿದೆ, ನಾನು ‘ಉಲ್ಟಾ ಮಾಡು’ ಅಂತ ಓದಿಸುತ್ತಿದ್ದೆ.

ಅದೇ ವರ್ಷದ ಕೊನೆಯ ಪರೀಕ್ಷೆಯಲ್ಲಿ ಒಂದು ಬಲೆ ಇಟ್ಟಿದ್ದೆ. ಒಂದರ ಕೆಳಗೆ ಎಕ್ಸ್ ಸ್ಕ್ವೇರ್, ಮೈನಸ್ ಒಂದರಿಂದ ಒಂದರವರೆಗೆ ಇಂಟಿಗ್ರೇಟ್ ಮಾಡಿ. ಫಾರ್ಮುಲಾ ಹಾಕಿದರೆ ಮೈನಸ್ ಎರಡು ಬರುತ್ತದೆ. ಸಾಲಾಗಿ ಎಲ್ಲರೂ ಮೈನಸ್ ಎರಡು ಬರೆದಿದ್ದರು, ಕೆಳಗೆ ಬಾಕ್ಸ್ ಬೇರೆ. ಆ ಫಂಕ್ಷನ್ ಎಲ್ಲೂ ಸೊನ್ನೆಗಿಂತ ಕೆಳಗೆ ಇಳಿಯುವುದೇ ಇಲ್ಲ. ಧನ ಸಂಖ್ಯೆಗಳನ್ನು ಕೂಡಿಸುತ್ತಾ ಹೋದರೆ ಋಣ ಸಂಖ್ಯೆ ಹೇಗೆ ಬರುತ್ತದೆ? ಮಧ್ಯದಲ್ಲಿ ಸೊನ್ನೆಯ ಹತ್ತಿರ ಅದು ಆಕಾಶಕ್ಕೆ ಏರುತ್ತದೆ, ಆ ಮೊತ್ತಕ್ಕೆ ಮಿತಿಯೇ ಇಲ್ಲ. ಕೂಡಿಸುತ್ತಿದ್ದೇನೆ ಅಂತ ಗೊತ್ತಿದ್ದವರಿಗೆ ಮೈನಸ್ ನೋಡಿದ ತಕ್ಷಣ ಮೈ ಜುಂ ಅನ್ನಬೇಕು. ನನ್ನವರು ಉಲ್ಟಾ ಮಾಡುತ್ತಿದ್ದರು, ಅವರಿಗೆ ಏನೂ ಅನ್ನಿಸಲಿಲ್ಲ. ಮತ್ತೆ ಅದೇ ವಾಕ್ಯ, ನೋಡಿ. ಎಲ್ಲಿ ಕೆದಕಿದರೂ ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಬಯಾಲಜಿಯವರ ಕಥೆ ಇನ್ನೂ ಕೆಟ್ಟದು. ಅವರಿಗೆ ಸ್ಟಾಟಿಸ್ಟಿಕ್ಸಿನಲ್ಲಿ ಗಂಟೆಯಾಕಾರದ ಕರ್ವ್ ದಿನಾ ಬೇಕು. ಅದರ ಒಳಗಿರುವುದು ಇ ಪವರ್ ಮೈನಸ್ ಎಕ್ಸ್ ಸ್ಕ್ವೇರ್. ನಮಗೆ ಗೊತ್ತಿರುವ ಸಾಮಾನ್ಯ ಫಂಕ್ಷನ್‌ಗಳಲ್ಲಿ ಅದರ ‘ಉಲ್ಟಾ’ ಬರೆಯಲು ಸಾಧ್ಯವೇ ಇಲ್ಲ, ಅದನ್ನು ಸಾಧಿಸಿಯೂ ಇದ್ದಾರೆ. ಹಾಗಾದರೆ ಅದಕ್ಕೆ ಇಂಟಿಗ್ರಲ್ ಇಲ್ಲ ಅಂತ ಒಬ್ಬಳು ಬರೆದಳು. ಇದೆ! ಸೊನ್ನೆಯಿಂದ ಒಂದರವರೆಗೆ ಅದು 0.7468. ಹತ್ತು ತುಂಡು ಮಾಡಿ ಟ್ರೆಪಿಜಾಯ್ಡ್ ಹಾಕಿದರೆ, ಅಂದರೆ ಗಾಡಿಯ ಲೆಕ್ಕದ ಹಾಗೆ ಪ್ರತಿ ತುಂಡಿಗೂ ಎರಡು ತುದಿಗಳ ಸರಾಸರಿ ಹಿಡಿದರೆ, 0.7462 ಕೈಯಲ್ಲೇ ಸಿಗುತ್ತದೆ. ರಕ್ತದಲ್ಲಿ ಔಷಧಿ ಗಂಟೆಗಂಟೆಗೆ ಎಷ್ಟಿದೆ ಅಂತ ಅಳೆದಾಗಲೂ ಅಷ್ಟೇ. ಅಲ್ಲಿ ಫಾರ್ಮುಲಾ ಯಾರೂ ಕೊಡುವುದಿಲ್ಲ, ನಾಲ್ಕಾರು ಅಳತೆ ಇರುತ್ತದೆ, ಕರ್ವ್ ಕೆಳಗಿನ ವಿಸ್ತೀರ್ಣ ಬೇಕಿರುತ್ತದೆ. 1994ರಲ್ಲಿ ‘ಡಯಾಬಿಟಿಸ್ ಕೇರ್’ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಗ್ಲುಕೋಸ್ ಕರ್ವಿನ ವಿಸ್ತೀರ್ಣಕ್ಕೆ ಒಂದು ಮಾದರಿ ಅಂತ ಪ್ರಬಂಧ ಬಂತು. ಓದಿದವರು ಪತ್ರಿಕೆಗೆ ಬರೆದರು, ಇದು ನಮ್ಮ ಹಳೇ ಟ್ರೆಪಿಜಾಯ್ಡ್ ಅಲ್ವಾ ಅಂತ. ಜನ ಈಗಲೂ ಅದನ್ನು ಹೇಳಿ ನಗುತ್ತಾರೆ. ನನಗೆ ನಗು ಬರುವುದಿಲ್ಲ. ನನ್ನ ಮೊದಲ ಬ್ಯಾಚಿನವರೂ ಹಾಗೇ ಮಾಡುತ್ತಿದ್ದರು.

ಪೇಪರ್ ವಾಪಸ್ ಸಿಕ್ಕಾಗ ಮೊದಲ ಎರಡು ವಾರ ‘ಉಲ್ಟಾ’ ಅನ್ನುವ ಪದವನ್ನೇ ಎತ್ತಲಿಲ್ಲ. ಕೆಮಿಸ್ಟ್ರಿಯವರಿಂದಲೇ ಗ್ಯಾಸಿನ ಲೆಕ್ಕ ಕಡ ತಂದೆ. ಒಂದು ಮೋಲ್ ಆದರ್ಶ ಅನಿಲ, 300 ಕೆಲ್ವಿನ್, ಉಷ್ಣಾಂಶ ಬದಲಾಗದಂತೆ ನಿಧಾನವಾಗಿ ಹಿಗ್ಗಿ ಗಾತ್ರ ಎರಡು ಪಟ್ಟಾಗುತ್ತದೆ. ಕೆಲಸ ಎಷ್ಟು? ಒತ್ತಡ ಇಂಟು ಗಾತ್ರದ ಹೆಚ್ಚಳ ಅಂತ ಎಲ್ಲರಿಗೂ ಗೊತ್ತು. ಯಾವ ಒತ್ತಡ? ಅರ್ಧ ಕ್ಲಾಸ್ ಶುರುವಿನದ್ದು ಅಂದಿತು, 2494 ಜೂಲ್ ಬಂತು. ಇನ್ನರ್ಧ ಕೊನೆಯದ್ದು ಅಂದಿತು, 1247. ಜಗಳ ಶುರುವಾಯಿತು. ಜಗಳ ಆಗಲಿ ಅಂತಲೇ ಬಿಟ್ಟೆ. ಎರಡು ತುಂಡು ಮಾಡಿ ನೋಡೋಣ ಅಂದೆ. 2079 ಮತ್ತು 1455. ಹತ್ತು ತುಂಡು? 1793 ಮತ್ತು 1668. ಎರಡೂ ಗುಂಪು ಹತ್ತಿರ ಹತ್ತಿರ ಬರುವುದು ನೋಡಿ ಹುಡುಗರು ಮುಂದಕ್ಕೆ ಬಾಗಿ ಕೂತರು. ನಿಜವಾದ ಉತ್ತರ 1729, ಅದು ನಾಚುರಲ್ ಲಾಗ್ ಎರಡರಿಂದ ಬರುತ್ತದೆ ಅಂತ ಆ ದಿನ ಹೇಳಲೇ ಇಲ್ಲ. ಮೂರನೇ ವಾರದವರೆಗೆ ಕಾಯಿಸಿದೆ.

ಆ ಮೂರನೇ ವಾರ ಒಂದೇ ಪ್ರಶ್ನೆ ಕೇಳಿದೆ. ಮೇಲಿನ ಮಿತಿಯನ್ನು ಒಂಚೂರು ಮುಂದಕ್ಕೆ ತಳ್ಳಿದರೆ ಮೊತ್ತ ಎಷ್ಟು ಜಾಸ್ತಿ ಆಗುತ್ತದೆ? ಒಂದು ತೆಳ್ಳನೆಯ ತುಂಡು ಸೇರುತ್ತದೆ. ಅದರ ಎತ್ತರ ಆ ಜಾಗದ ಒತ್ತಡ. ಹಾಗಾದರೆ ಮೊತ್ತ ಬೆಳೆಯುವ ದರವೇ ಒತ್ತಡ. ಹಿಂದಿನಿಂದ ಯಾರೋ ‘ಅಯ್ಯೋ, ಇದು ಡಿಫರೆನ್ಸಿಯೇಷನ್’ ಅಂದರು. ಆ ‘ಅಯ್ಯೋ’ ಕೇಳಲು ನನಗೆ ನಾಲ್ಕು ವರ್ಷ ಬೇಕಾಯಿತು.

ಇನ್ನು ನಿಮ್ಮ ಮೆಥಡ್ ಪ್ರಶ್ನೆ. ಸಬ್‌ಸ್ಟಿಟ್ಯೂಷನ್ ಮೊದಲು, ಅದನ್ನೇ ಗಟ್ಟಿಯಾಗಿ. ಕಾಸ್ ಟೂ ಎಕ್ಸ್ ಇಂಟಿಗ್ರೇಟ್ ಮಾಡಿದರೆ ಅರ್ಧ ಸೈನ್ ಟೂ ಎಕ್ಸ್, ಆ ಅರ್ಧ ಎಲ್ಲಿಂದ ಬಂತು ಅಂತ ಕೇಳಿ. ಹೊಸ ಅಕ್ಷದಲ್ಲಿ ಪ್ರತಿ ತುಂಡಿನ ಅಗಲ ಎರಡು ಪಟ್ಟಾಯಿತು, ಅದನ್ನು ಸರಿದೂಗಿಸಲು ಅರ್ಧ. ಡಿಎಕ್ಸ್ ಅಗಲ ಅಂತ ಗೊತ್ತಿದ್ದರೆ ಇದು ಒಂದು ನಿಮಿಷದ ಮಾತು. ಬೈ ಪಾರ್ಟ್ಸ್ ಆಮೇಲೆ. ಭಿನ್ನರಾಶಿಯನ್ನು ಒಡೆದು ಬರೆಯುವ ಪಾರ್ಷಿಯಲ್ ಫ್ರ್ಯಾಕ್ಷನ್ ಛೇದದಲ್ಲಿ ಎರಡು ಸರಳ ಅಪವರ್ತನ ಇರುವಷ್ಟಕ್ಕೆ ಸಾಕು, ಜೀವಿಗಳ ಸಂಖ್ಯೆ ಬೆಳೆಯುವ ಲಾಜಿಸ್ಟಿಕ್ ಸಮೀಕರಣಕ್ಕೆ ಅಷ್ಟೇ ಬೇಕಾಗುವುದು. ಟ್ರಿಗ್ ಸಬ್‌ಸ್ಟಿಟ್ಯೂಷನ್, ರಿಡಕ್ಷನ್ ಫಾರ್ಮುಲಾ ಸೈನ್ಸ್ ಹುಡುಗರಿಗೆ ಬೇಡವೇ ಬೇಡ. ಮೊದಲ ವರ್ಷದ ಇಂಟಿಗ್ರೇಷನ್ ಲೆಕ್ಕ ಬಿಡಿಸುವ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಜೇಮ್ಸ್ ಸ್ಲೇಗಲ್ 1961ರಲ್ಲೇ ಅಮೆರಿಕದ ಎಂಐಟಿಯಲ್ಲಿ ಬರೆದಿದ್ದರು. ಆ ಕೆಲಸಕ್ಕೆ ಹುಡುಗರನ್ನು ಇನ್ನೂ ತಯಾರು ಮಾಡುವುದು ಯಾಕೆ? ಸಿಲಬಸ್ಸಿನಲ್ಲಿ ಇದ್ದೇ ಇದ್ದರೆ ಕೊನೆಯ ಮೂರು ವಾರ ಕೊಡಿ. ಆಶ್ಚರ್ಯ ಅಂದರೆ ಆಗ ಬೇಗ ಕಲಿಯುತ್ತಾರೆ.

ಪ್ರತಿ ಲೆಕ್ಕದ ಕೊನೆಗೆ ಯೂನಿಟ್ ಬರೆಸಿ. ಇದೊಂದನ್ನು ಮಾತ್ರ ಬಿಡಬೇಡಿ. ಪ್ಯಾಸ್ಕಲ್ ಇಂಟು ಘನಮೀಟರ್ ಜೂಲ್ ಆಗುತ್ತದೆ, ವೇಗ ಇಂಟು ಸೆಕೆಂಡ್ ಮೀಟರ್ ಆಗುತ್ತದೆ. ಯೂನಿಟ್ ಬರೆಯುವವರು ಡಿಎಕ್ಸ್ ಮರೆಯುವುದಿಲ್ಲ.

ಬೇಸಿಕ್ಸ್ ವೀಕ್ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಮೊದಲ ಬ್ಯಾಚಿನ ಬೇಸಿಕ್ಸ್ ಚೆನ್ನಾಗಿಯೇ ಇತ್ತು, ಆಲ್‌ಜಿಬ್ರಾದಲ್ಲಿ ಪಟಪಟ ಲೆಕ್ಕ ಮಾಡುತ್ತಿದ್ದರು. ಮೈನಸ್ ಎರಡು ಬರೆದಿದ್ದು ಅವರೇ.

ಗಾಡಿಯ ಟೇಬಲ್ ಈಗ ಮೊದಲ ಗಂಟೆಯಲ್ಲೇ ಕೊಡುತ್ತೇನೆ, ಯಾವ ಪೀಠಿಕೆಯೂ ಇಲ್ಲದೆ. ಕಳೆದ ಸಲ ಒಬ್ಬ ಹುಡುಗಿ 50, 70 ಎರಡನ್ನೂ ಬರೆದು ಪೆನ್ನು ಕೆಳಗಿಟ್ಟಳು. ‘ಮೇಡಂ, ಪ್ರತಿ ಸೆಕೆಂಡಿನ ವೇಗ ಇದ್ದರೆ ಕೊಡಿ, ಇದು ತುಂಬಾ ದಪ್ಪ ತುಂಡು’ ಅಂದಳು.