ಕೆಲಸ ಕಡಿಮೆಯಾದರೂ ಆಫೀಸಿನಲ್ಲಿ ಜನ ಮಾತ್ರ ಹೆಚ್ಚುತ್ತಲೇ ಹೋಗುವುದೇಕೆ?

ಇದಕ್ಕೆ ಮಜವಾದ ಉತ್ತರ ಕೊಟ್ಟವರು ಬ್ರಿಟನ್ನಿನ ಇತಿಹಾಸಕಾರ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್. 1955ರಲ್ಲಿ ‘ದಿ ಎಕನಾಮಿಸ್ಟ್’ ಪತ್ರಿಕೆಗೆ ಅವರೊಂದು ಲೇಖನ ಬರೆದರು. ಎಷ್ಟು ಸಮಯ ಇದೆಯೋ ಕೆಲಸವೂ ಅಷ್ಟಕ್ಕೇ ಹಿಗ್ಗುತ್ತದೆ ಎಂದರು. ಜನರಿಗೆ ಈ ಮಾತಷ್ಟೇ ನೆನಪಿದೆ. ಆದರೆ ಲೇಖನದ ತಿರುಳು ಮೇಲಿನ ಪ್ರಶ್ನೆಯ ವಿಷಯವೇ.

ಅವರು ಕೊಟ್ಟ ಲೆಕ್ಕ ನೋಡಿ. 1914ರಿಂದ 1928ರ ಹೊತ್ತಿಗೆ ಬ್ರಿಟಿಷ್ ನೌಕಾಪಡೆಯ ದೊಡ್ಡ ಯುದ್ಧನೌಕೆಗಳು 62ರಿಂದ 20ಕ್ಕೆ ಇಳಿದವು. ನೌಕಾ ಇಲಾಖೆಯ ಕಚೇರಿ ಅಧಿಕಾರಿಗಳು ಮಾತ್ರ 2,000ದಿಂದ 3,569ಕ್ಕೆ ಏರಿದರು!

ಯಾಕೆ ಹೀಗೆ? ಒಬ್ಬ ಅಧಿಕಾರಿಗೆ ಕೆಲಸ ಜಾಸ್ತಿ ಅನಿಸಿತು ಅಂದುಕೊಳ್ಳಿ. ನಿಜಕ್ಕೂ ಜಾಸ್ತಿ ಇರಬೇಕೆಂದೇನಿಲ್ಲ. ಸಮಾನ ಹುದ್ದೆಯವನ ಜೊತೆ ಹಂಚಿಕೊಂಡರೆ ನಾಳೆ ಬಡ್ತಿಗೆ ಅವನೇ ಪೈಪೋಟಿ. ಅದಕ್ಕೇ ಕೈಕೆಳಗೆ ಸಹಾಯಕರನ್ನು ಕೇಳುತ್ತಾನೆ. ಅದೂ ಇಬ್ಬರು. ಒಬ್ಬನೇ ಇದ್ದರೆ ಅವನೂ ಎದುರಾಳಿಯಾಗಿ ಬೆಳೆಯಬಹುದು ಅಲ್ವಾ? ಮುಂದೆ ಆ ಇಬ್ಬರಿಗೂ ಇಬ್ಬಿಬ್ಬರು ಬೇಕಾಗುತ್ತಾರೆ. ಈಗ ಒಟ್ಟು ಏಳು ಜನ. ಒಬ್ಬ ಇಮೇಲ್ ಬರೆಯುತ್ತಾನೆ, ಇನ್ನೊಬ್ಬ ತಿದ್ದುತ್ತಾನೆ, ಮತ್ತೊಬ್ಬ ಎಲ್ಲರ ಅಭಿಪ್ರಾಯ ಕೇಳುತ್ತಾನೆ. ಕೊನೆಗೆ ಆ ಮೊದಲ ಅಧಿಕಾರಿಯೇ ಎಲ್ಲ ಅಳಿಸಿ ತಾನೇ ಬರೆಯುತ್ತಾನೆ. ಯಾರೂ ಸುಮ್ನೆ ಕೂತಿಲ್ಲ. ಎಲ್ಲರೂ ನಿಜವಾಗಿಯೂ ದಣಿದಿದ್ದಾರೆ.

ಪಾರ್ಕಿನ್ಸನ್ ಬರೆದದ್ದು ಅರ್ಧ ತಮಾಷೆಗೆ. ವಿಜ್ಞಾನದ ನಿಯಮ ಅಂದುಕೊಳ್ಳಬೇಡಿ. ಆದರೂ ಮುಂದಿನ ಮೀಟಿಂಗ್‌ಗೆ ತಯಾರಾಗಲೆಂದೇ ಇನ್ನೊಂದು ಮೀಟಿಂಗ್ ಕರೆದಾಗ ನನಗೆ ಆ ಏಳು ಜನರೇ ನೆನಪಾಗುತ್ತಾರೆ.