ಓದುಗರ ಪ್ರಶ್ನೆ: ಗೆರೆ ಎಲ್ಲಿ ಎಳೀತೀರ ಅನ್ನೋದ್ರ ಮೇಲೇ ಲೆಕ್ಕ ನಿಂತಿದೆ

ಪ್ರಶ್ನೆ: ಮೇಡಂ, ನಾನು ವಿಜಯನಗರದವನು, ಬಿಎಸ್ಸಿ ಕೊನೇ ವರ್ಷ. ಭೂಗೋಳದಲ್ಲಿ ಗಣಿತ ಹಿಡ್ಕೊಂಡು ರಿಸರ್ಚ್ ಮಾಡ್ತೀನಿ ಅಂದ್ರೆ ಮನೇಲಿ "ನದಿ, ಬೆಟ್ಟ, ರಾಜಧಾನಿ ಬಾಯಿಪಾಠ ಮಾಡೋಕೆ ಗಣಿತ ಯಾಕೋ" ಅಂತಾರೆ. ಇದ್ರಲ್ಲಿ ಅಸಲಿಗೆ ಏನು ಮಾಡ್ತಾರೆ?

ಉತ್ತರ: ಯಾವ್ದು ಎಲ್ಲಿದೆ ಅನ್ನೋದನ್ನ ಶಾಲೇಲೇ ಓದಿ ಮುಗಿಸಿರ್ತೀವಿ, ಅದು ಅಲ್ಲೇ ಯಾಕಿದೆ, ಬೇರೆ ಕಡೆ ಯಾಕಿಲ್ಲ ಅಂತ ಕೇಳೋಕೆ ಶುರು ಮಾಡಿದ್ರೆ ಗಣಿತ ಇಲ್ದೆ ಮುಂದಕ್ಕೆ ಹೋಗೋಕಾಗಲ್ಲ. ಇದು ಇವತ್ತು ನಿನ್ನೆಯ ಹುಚ್ಚಲ್ಲ. 1826ರಲ್ಲಿ ಜರ್ಮನಿಯ ಫಾನ್ ಟ್ಯೂನೆನ್ ಅನ್ನೋ ಜಮೀನ್ದಾರ ತನ್ನ ಜಮೀನಿನ ಜಮಾಖರ್ಚಿನ ಪುಸ್ತಕ ಇಟ್ಕೊಂಡೇ ಒಂದು ಪಟ್ಟಣದ ಸುತ್ತ ಯಾವ ಬೆಳೆ ಎಷ್ಟು ದೂರದಲ್ಲಿ ಗಿಟ್ಟುತ್ತೆ ಅಂತ ಲೆಕ್ಕ ಹಾಕ್ದ. ಬೇಗ ಕೆಡೋ ಹಾಲು ತರಕಾರಿ ಪಟ್ಟಣದ ಪಕ್ಕದಲ್ಲೇ, ಸಾಗಿಸೋಕೆ ಭಾರ ಆಗೋ ಸೌದೆ ಅದರಾಚೆ, ಆಮೇಲೆ ಧಾನ್ಯ, ಕೊನೇಲಿ ದನ ಮೇಯಿಸೋ ಜಾಗ, ಯಾಕಂದ್ರೆ ದನ ತಾನೇ ನಡ್ಕೊಂಡು ಬರುತ್ತಲ್ಲ! 1933ರಲ್ಲಿ ಕ್ರಿಸ್ಟಾಲರ್ ಅನ್ನೋ ಭೂಗೋಳಜ್ಞ ದಕ್ಷಿಣ ಜರ್ಮನಿಯ ಊರುಗಳನ್ನ ನೋಡಿ, ಸಣ್ಣ ಸಂತೆ ಊರು ಎಷ್ಟೆಷ್ಟು ದೂರಕ್ಕೆ ಹುಟ್ಕೊಳ್ಳುತ್ತೆ, ದೊಡ್ಡ ಪಟ್ಟಣ ಎಷ್ಟು ದೂರಕ್ಕೆ ಅಂತ ಆರು ಮೂಲೆಯ ಜಾಲರಿ ಹಾಕಿ ತೋರಿಸ್ದ. ಕಂಪ್ಯೂಟರ್ ಬಂದ್ಮೇಲೆ ಡೆಟ್ರಾಯಿಟ್ ಸುತ್ತಿನ ಬೆಳವಣಿಗೇನ ಸಿಮ್ಯುಲೇಟ್ ಮಾಡ್ತಿದ್ದ ಭೂಗೋಳಜ್ಞ ಟೋಬ್ಲರ್ 1970ರಲ್ಲಿ ಹೇಳಿದ್ದನ್ನ ಈಗ್ಲೂ ಎಲ್ರೂ ಭೂಗೋಳದ ಮೊದಲ ನಿಯಮ ಅಂತಾರೆ: ಎಲ್ಲಕ್ಕೂ ಎಲ್ಲದರ ಜೊತೆ ನಂಟಿದೆ, ಆದ್ರೆ ಹತ್ರ ಇರೋದರ ನಂಟು ಜಾಸ್ತಿ.

ಈ "ಹತ್ರ" ಅನ್ನೋದನ್ನ ಅಳೆಯೋದ್ರಲ್ಲೇ ನಿಮ್ಮ ಅರ್ಧ ರಿಸರ್ಚ್ ಇದೆ ಕಣ್ರೀ. ಬೆಂಗಳೂರಲ್ಲಿ ಎಷ್ಟು ದೂರ ಅಂತ ಕೇಳಿದ್ರೆ ಯಾರೂ ಕಿಲೋಮೀಟರ್ ಹೇಳಲ್ಲ, ಮುಕ್ಕಾಲು ಗಂಟೆ ಅಂತಾರೆ, ಅದೂ ಬೆಳಿಗ್ಗೇನಾ ಸಂಜೇನಾ ಅಂತ ಕೇಳ್ಕೊಂಡು. ಯಾವ ಏರಿಯಾದಿಂದ ಯಾವ ಏರಿಯಾಗೆ ಎಷ್ಟು ಜನ ಕೆಲಸಕ್ಕೆ ಹೋಗ್ತಾರೆ ಅಂತ ಅಂದಾಜು ಮಾಡೋಕೆ ಗ್ರಾವಿಟಿ ಮಾಡೆಲ್ ಅಂತಿದೆ, ಎರಡೂ ಕಡೆಯ ಜನ ಮತ್ತೆ ಕೆಲಸ ಜಾಸ್ತಿ ಇದ್ದಷ್ಟೂ ಓಡಾಟ ಜಾಸ್ತಿ, ದೂರ ಬೆಳೆದಷ್ಟೂ ಕಮ್ಮಿ. ಅದು ಗುರುತ್ವಾಕರ್ಷಣೆ ಜೊತೆಗಿನ ಬರೀ ಹೋಲಿಕೆಯಲ್ಲ, ಗಟ್ಟಿ ತಳಹದಿ ಇದೆ ಅಂತ 1967ರಲ್ಲಿ ಅಲನ್ ವಿಲ್ಸನ್ ಎಂಟ್ರೊಪಿ (ಯಾವ ಹಂಚಿಕೆ ಅತಿ ಹೆಚ್ಚು ರೀತೀಲಿ ಆಗ್ಬಹುದು ಅನ್ನೋ) ಲೆಕ್ಕದಿಂದ ತೋರಿಸಿದ್ರು. 2023ರ ಅಕ್ಟೋಬರಿನಲ್ಲಿ ನೇರಳೆ ಮೆಟ್ರೋ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡೋಕೆ ಶುರುವಾಯ್ತಲ್ಲ, ನಿಮ್ಮ ವಿಜಯನಗರ ಒಂದಿಂಚೂ ಜರುಗ್ಲಿಲ್ಲ, ಆದ್ರೆ ಮಾಡೆಲ್ ಒಳಗಿನ ದೂರ ಬದಲಾಯ್ತು. ಇದಕ್ಕಿಂತ ಒಳ್ಳೇ ವಿಷಯ ಮನೆ ಬಾಗಿಲಲ್ಲಿ ಸಿಗಲ್ಲ, ಕೈ ಹಾಕಿ. ಮ್ಯಾಪ್ ಮಾಡೋ ಕ್ಯೂಜಿಐಎಸ್, ಅಂಕಿ ಅಂಶ ಲೆಕ್ಕ ಹಾಕೋ ಆರ್ ಅನ್ನೋ ಸಾಫ್ಟ್‌ವೇರ್ ಎರಡೂ ಫ್ರೀ, ರಸ್ತೆ ಮ್ಯಾಪ್‌ಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. ಮ್ಯಾಟ್ರಿಕ್ಸು, ರಿಗ್ರೆಶನ್ನು ಚೆನ್ನಾಗಿ ತಿದ್ಕೊಳ್ಳಿ ಅಷ್ಟೇ.

ಪ್ರಶ್ನೆ: ಅವೆನ್ಯೂ ರಸ್ತೆ ಪೂರ್ತಿ ಪುಸ್ತಕದಂಗಡಿ, ಎಸ್‌ಪಿ ರಸ್ತೇಲಿ ಪೂರ್ತಿ ಎಲೆಕ್ಟ್ರಾನಿಕ್ಸ್. ಒಬ್ರ ಪಕ್ಕ ಒಬ್ರು ಕೂತ್ರೆ ವ್ಯಾಪಾರ ಹಾಳಾಗಲ್ವಾ? (ಚಾಮರಾಜಪೇಟೆಯ ಓದುಗರು)

ಉತ್ತರ: ಆಗಲ್ಲ. ಒಂದು ಉದ್ದ ರಸ್ತೇಲಿ ಇಬ್ರೇ ಅಂಗಡಿಯವರಿದ್ರೆ, ಗಿರಾಕಿ ಜಾಸ್ತಿ ಬರ್ಲಿ ಅಂತ ಇಬ್ರೂ ಸರ್ಕೊಂಡು ಸರ್ಕೊಂಡು ನಡುವಿಗೇ ಬರ್ತಾರೆ ಅಂತ ಹೋಟೆಲಿಂಗ್ ಅನ್ನೋ ಅರ್ಥಶಾಸ್ತ್ರಜ್ಞರು 1929ರಲ್ಲೇ ಬರೆದ್ರು. ಆದ್ರೆ ಅವೆನ್ಯೂ ರಸ್ತೆಗೆ ಅದೊಂದೇ ಕಾರಣ ಸಾಲದು ಅನ್ಸುತ್ತೆ ನಂಗೆ. ಒಂದಂಗಡೀಲಿ ಸಿಗ್ದಿದ್ರೆ ಪಕ್ಕದಲ್ಲಿ ಸಿಗುತ್ತೆ ಅನ್ನೋ ಧೈರ್ಯಕ್ಕೇ ಜನ ಅಷ್ಟು ದೂರದಿಂದ ಬರೋದು, ಒಂಟಿ ಅಂಗಡಿಗೆ ಹಂಗೆ ಯಾರು ಬರ್ತಾರೆ.

ಪ್ರಶ್ನೆ: ನಮ್ಮ ವಾರ್ಡಿನ ಸರಾಸರಿ ನೋಡಿದ್ರೆ ನೀರಿಗೆ ತೊಂದ್ರೆನೇ ಇಲ್ಲ ಅಂತ ಕಾಣುತ್ತೆ, ನಮ್ಮ ಬೀದೀಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾಯ್ತಾ ಕೂತಿದೀವಿ. ಅಂಕಿ ಅಂಶ ಸುಳ್ಳಾ? (ಮಹದೇವಪುರ ಕಡೆಯ ಗೃಹಿಣಿ)

ಉತ್ತರ: ಅಮ್ಮಾ, ಅಂಕಿ ಸುಳ್ಳಲ್ದೇನೂ ಇರ್ಬಹುದು, ವಾರ್ಡಿನ ಗಡಿ ಗೆರೆ ನಿಮಗೆ ಮೋಸ ಮಾಡಿರುತ್ತೆ. ಒಂದು ಲೆಕ್ಕ ಮಾಡಿ ನೋಡಿ. ಸಾಲಾಗಿ ನಾಲ್ಕು ಬೀದಿ, ವಾರಕ್ಕೆ ತರಿಸೋ ಟ್ಯಾಂಕರು 1, 1, 9, 9 ಅಂತಿಟ್ಕೊಳ್ಳಿ. ಮೊದಲೆರಡು ಒಂದು ವಾರ್ಡು, ಕೊನೆಯೆರಡು ಇನ್ನೊಂದು ಅಂತ ಗೆರೆ ಎಳೆದ್ರೆ ಸರಾಸರಿ 1 ಮತ್ತು 9, ಕಷ್ಟ ಎಲ್ಲಿದೆ ಅಂತ ಎದ್ದು ಕಾಣುತ್ತೆ. ಅದೇ ಬೀದಿಗಳನ್ನ ಆಚೆಯದೊಂದು ಈಚೆಯದೊಂದು ಸೇರಿಸಿದ್ರೆ ಎರಡು ವಾರ್ಡಲ್ಲೂ ಸರಾಸರಿ 5, ಯಾರಿಗೂ ಏನೂ ಆಗಿಲ್ಲ ಅನ್ನೋ ಹಾಗೆ. ಒಂದು ಟ್ಯಾಂಕರೂ ಹೆಚ್ಚು ಕಮ್ಮಿ ಆಗಿಲ್ಲ ನೋಡಿ.

ಭೂಗೋಳದವರು ಇದರ ಹಿಂದೆ ತುಂಬಾ ವರ್ಷದಿಂದ ಬಿದ್ದಿದಾರೆ. 1979ರಲ್ಲಿ ಓಪನ್‌ಶಾ ಮತ್ತು ಟೇಲರ್ ಅಮೆರಿಕದ ಅಯೋವಾ ರಾಜ್ಯದ 99 ಕೌಂಟಿಗಳನ್ನ (ನಮ್ಮ ಜಿಲ್ಲೆ ಥರದ ಭಾಗಗಳು) ತಗೊಂಡು, ವಯಸ್ಸಾದವರ ಪ್ರಮಾಣಕ್ಕೂ ರಿಪಬ್ಲಿಕನ್ ವೋಟಿಗೂ ಎಷ್ಟು ಸಂಬಂಧ ಅಂತ ನೋಡಿದ್ರು. ಕೌಂಟಿಗಳನ್ನ ಬೇರೆ ಬೇರೆ ಥರ ಗುಂಪು ಮಾಡ್ತಾ ಹೋದ್ರೆ, ಅದೇ ಡೇಟಾದಿಂದ ಸಂಬಂಧ ಹೆಚ್ಚುಕಮ್ಮಿ −1ರಿಂದ (ಒಂದು ಏರಿದ್ರೆ ಇನ್ನೊಂದು ಪಕ್ಕಾ ಇಳಿಯುತ್ತೆ) +1ರವರೆಗೆ (ಎರಡೂ ಒಟ್ಟಿಗೇ ಏರುತ್ತೆ) ಏನು ಬೇಕಾದ್ರೂ ಬಂತು! ಇನ್ನೊಂದು ಅಪಾಯ 1950ರಲ್ಲಿ ಸಮಾಜಶಾಸ್ತ್ರಜ್ಞ ರಾಬಿನ್ಸನ್ ತೋರಿಸಿದ್ದು. ಅಮೆರಿಕದ 1930ರ ಜನಗಣತೀಲಿ ರಾಜ್ಯಗಳ ಮಟ್ಟದಲ್ಲಿ ನೋಡಿದ್ರೆ ಹೊರದೇಶದಲ್ಲಿ ಹುಟ್ಟಿದವರು ಜಾಸ್ತಿ ಇರೋ ಕಡೆ ಅನಕ್ಷರತೆ ಕಮ್ಮಿ, ಒಬ್ಬೊಬ್ಬರನ್ನೇ ನೋಡಿದ್ರೆ ಉಲ್ಟಾ, ಹೊರಗಿಂದ ಬಂದವರಲ್ಲೇ ಅನಕ್ಷರತೆ ಸ್ವಲ್ಪ ಜಾಸ್ತಿ, ಅವರು ಹೋಗಿ ನೆಲೆಸಿದ್ದು ಓದಿದವರು ಜಾಸ್ತಿ ಇದ್ದ ರಾಜ್ಯಗಳಲ್ಲಿ ಅಷ್ಟೇ. ವಾರ್ಡಿನ ಸರಾಸರಿ ಇಟ್ಕೊಂಡು ನಿಮ್ಮ ಮನೆ ನಲ್ಲಿ ಬಗ್ಗೆ ಮಾತಾಡೋರು ಮಾಡೋದೂ ಇದೇ ತಪ್ಪು, ಇದನ್ನ ಕೇಳಿದ್ರೆ ನಂಗೆ ನಿಜವಾಗ್ಲೂ ಸಿಟ್ಟು ಬರುತ್ತೆ, ಯಾಕಂದ್ರೆ ಕೊನೇಗೆ ಬಿಂದಿಗೆ ಹಿಡ್ಕೊಂಡು ನಿಲ್ಲೋರು ನೀವು.

ಬೆಂಗಳೂರಿಗೆ ಇದು ಈಗ ಇನ್ನೂ ಮುಖ್ಯ. ಹಳೇ ಪಾಲಿಕೇಲಿ 198 ವಾರ್ಡಿತ್ತು, 2025ರಲ್ಲಿ ಅದು ಹೋಗಿ ಐದು ನಗರ ಪಾಲಿಕೆ ಬಂತು, ವಾರ್ಡಿನ ಗಡಿಗಳೂ ಬದಲಾದ್ವು. ಹಾಗಾಗಿ ಹಳೇ ವಾರ್ಡಿನ ಅಂಕಿ ಪಕ್ಕ ಹೊಸ ವಾರ್ಡಿನ ಅಂಕಿ ಇಟ್ಟು "ಸುಧಾರಿಸಿದೆ" ಅಂತ ಯಾರಾದ್ರೂ ಹೇಳಿದ್ರೆ, ಮೊದ್ಲು ಎರಡೂ ಒಂದೇ ಜಾಗಾನಾ ಅಂತ ಕೇಳಿ.

ನೀವು ಮಾಡ್ಬಹುದಾದ್ದು: ಸುತ್ತಲಿನ ಬೀದಿಯವರ ಹತ್ರ ಬೋರ್‌ವೆಲ್ ಎಷ್ಟು ಅಡಿ, ಯಾವಾಗ ಬತ್ತಿತು, ವಾರಕ್ಕೆ ಟ್ಯಾಂಕರ್ ಎಷ್ಟು ಅಂತ ಕೇಳಿ ಬರ್ಕೊಳ್ಳಿ, ಬೀದಿ ಹೆಸರು ಜೊತೆಗಿರ್ಲಿ. ಪಕ್ಕದ ವಾರ್ಡಿನ ಬೀದಿಗಳನ್ನೂ ಬಿಡ್ಬೇಡಿ, ನೆಲದಡಿಯ ನೀರಿಗೆ ವಾರ್ಡಿನ ಗಡಿ ಗೊತ್ತಿಲ್ಲ. ಆಮೇಲೆ ಇಂಜಿನಿಯರ್ ಹತ್ರ ಹೋದಾಗ ವಾರ್ಡಿನ ಸರಾಸರಿ ಬೇಡ, ಬೀದಿವಾರು ಲೆಕ್ಕ ಕೊಡಿ ಅಂತ ಬರವಣಿಗೇಲೇ ಕೇಳಿ, ನಿಮ್ಮ ಪಟ್ಟೀನೂ ಅದಕ್ಕೇ ಲಗತ್ತಿಸಿ.